ಅಪ್‌ಡೇಟ್ ಆದ ಮೇಲೆ ಆನ್‌ಲೈನ್ ತಾಳಮದ್ದಳೆಯಲ್ಲಿ ಶ್ರುತಿ ಮಾಯ, ಅರ್ಥಧಾರಿಗಳ ಸ್ವರ ಸಣ್ಣ

ಬದಿಯಡ್ಕ_ಹಿಮ್ಮೇಳ:

ಬಲ್ಲವರು ದಾರಿ ಹೇಳಬೇಕು. ವಾಯ್ಸ್ ಚಾಟ್ ಆ್ಯಪಿನಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದ, ಪದ್ಯ ಮತ್ತು ಮಾತಿನ ಯಕ್ಷಗಾನ. ಪದ್ಯ ಹಾಡುವ ಭಾಗವತರು, ಮದ್ದಳೆ, ಚೆಂಡೆ, ಚಕ್ರತಾಳ, ಅಂದರೆ ಇಡೀ ಹಿಮ್ಮೇಳ, ಬದಿಯಡ್ಕದ ಒಂದೇ ಕೋಣೆಯಲ್ಲಿ. ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಅರ್ಥಧಾರಿಗಳು ಪೆರ್ಲ, ಮುಳ್ಳೇರಿಯ, ಮುಂಬಯಿ ಎಂದು ಅಲ್ಲಲ್ಲಿಂದ. ಹಿಮ್ಮೇಳದ ಕಡೆ ವಿಂಡೋಸ್ 11 ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಮೈಕ್, ಪಕ್ಕದಲ್ಲೇ ಒಂದು ಹೊರಗಿನ ಸ್ಪೀಕರ್. ಶ್ರುತಿಯೂ ಅದೇ ಲ್ಯಾಪ್‌ಟಾಪಿನ ಶ್ರುತಿ ಆ್ಯಪಿನಿಂದ. ಚಾಟ್ ಆ್ಯಪ್ ಅಪ್‌ಡೇಟ್ ಆದದ್ದೇ ತಡ, ತೊಂದರೆ ಒಂದರ ಮೇಲೊಂದು.

ಕಾಲ್ ಸೇರಿದ ಕೂಡಲೇ ಶ್ರುತಿ ಕೋಣೆಯಲ್ಲೇ ಸಣ್ಣದಾಗುತ್ತದೆ, ಅರ್ಥಧಾರಿಗಳಿಗಂತೂ ಕೇಳುವುದೇ ಇಲ್ಲ. ಭಾಗವತರು ಸ್ವರ ಎಳೆದರೆ ಕೊನೆಗೆ ಕರಗಿ ಹೋಗುತ್ತದೆ, ಮದ್ದಳೆಯದ್ದು ಬರೀ ಟಿಕ್ ಟಿಕ್. ಅರ್ಥಧಾರಿಗಳ ಮಾತು ನಮಗೆ ಪಿಸುಮಾತಿನಷ್ಟು. ಆ್ಯಪಿನ ಔಟ್‌ಪುಟ್ ವಾಲ್ಯೂಮ್ 200ಕ್ಕೆ ಏರಿಸಿದರೂ ಅಷ್ಟೇ. ಮುಂಬಯಿಯವರದ್ದು ಬ್ಲೂಟೂತ್ ಹೆಡ್‌ಸೆಟ್. ಹಳೆಯ ಟೆಲಿಫೋನಿನಲ್ಲಿ ಕೇಳಿದ ಹಾಗೆ ಆಗುತ್ತದಂತೆ. ಆ್ಯಪ್ ತೆಗೆದು ಪುನಃ ಹಾಕಿಯೂ ಆಯಿತು. ಶನಿವಾರ ಪ್ರಸಂಗ ಉಂಟು.

ಕುಂಬಳೆ_ಆಡಿಯೊ:

ಪುನಃ ಇನ್‌ಸ್ಟಾಲ್ ಮಾಡುವುದೆಂದರೆ ಮನೆಯ ಮಾಡು ಎಲ್ಲಿ ಸೋರುತ್ತದೆ ಎಂದು ನೋಡದೆ ಅಷ್ಟೂ ಹಂಚು ಇಳಿಸಿದ ಹಾಗೆ. ಮೊದಲು ಯಾವ ಕಡೆಯ ತೊಂದರೆ ಎಂದು ಗೊತ್ತುಮಾಡಿ. ಒಬ್ಬರ ಸ್ವರ ಎಲ್ಲರಿಗೂ ಸಣ್ಣಗೆ ಕೇಳಿದರೆ ತಪ್ಪು ಅವರ ಮೈಕಿನ ಕಡೆ. ಎಲ್ಲರ ಸ್ವರ ಒಬ್ಬರಿಗೆ ಮಾತ್ರ ಸಣ್ಣಗೆ ಕೇಳಿದರೆ ತಪ್ಪು ಕೇಳುವವರ ಕಡೆ. ಒಬ್ಬರದ್ದು ಒಬ್ಬರಿಗೆ ಮಾತ್ರ ಸಣ್ಣದಾದರೆ ಆ ಹೆಸರಿನ 'ಯೂಸರ್ ವಾಲ್ಯೂಮ್' ಇಳಿದಿರುತ್ತದೆ. ಡಿಸ್ಕಾರ್ಡಿನಲ್ಲಾದರೆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ನೋಡಿ, 0ಯಿಂದ 200ರ ವರೆಗೆ ಉಂಟು. ನೀವು ಆ್ಯಪಿನ ಹೆಸರು ಬರೆದಿಲ್ಲ, ಆದ್ದರಿಂದ ಮೆನು ಹೆಸರುಗಳನ್ನು ಡಿಸ್ಕಾರ್ಡಿನ ಪ್ರಕಾರ ಕೊಡುತ್ತೇನೆ. ವಿಂಡೋಸಿನ ಭಾಗ ಯಾವ ಆ್ಯಪಿಗೂ ಒಂದೇ.

ಅರ್ಥಧಾರಿಗಳೆಲ್ಲರ ಸ್ವರ ನಿಮಗೆ ಸಣ್ಣ, ಅಂದರೆ ನಿಮ್ಮ ಲ್ಯಾಪ್‌ಟಾಪಿನ ಔಟ್‌ಪುಟ್. ವಿಂಡೋಸ್ ಪ್ರತಿ ಪ್ರೋಗ್ರಾಮಿಗೂ ಬೇರೆ ವಾಲ್ಯೂಮ್ ಇಡುತ್ತದೆ, ಆ ಲೆಕ್ಕ ಇರುವುದು ಪ್ರೋಗ್ರಾಮಿನ ಹೆಸರಿನ ಮೇಲಲ್ಲ, ಅದು ಕೂತಿರುವ ಫೋಲ್ಡರಿನ ಪೂರ್ತಿ ದಾರಿಯ ಮೇಲೆ. ವಿಂಡೋಸಿನಲ್ಲಿ ಡಿಸ್ಕಾರ್ಡ್ ಪ್ರತಿ ಅಪ್‌ಡೇಟಿಗೂ ಹೊಸ ಆವೃತ್ತಿ ಸಂಖ್ಯೆಯ ಹೊಸ ಫೋಲ್ಡರ್ ಮಾಡಿಕೊಳ್ಳುತ್ತದೆ. ಹಾಗಾಗಿ ನೀವು ಹಿಂದೆ ವಿಂಡೋಸಿನ ವಾಲ್ಯೂಮ್ ಮಿಕ್ಸರಿನಲ್ಲಿ 'ಈ ಆ್ಯಪ್ ಹೊರಗಿನ ಸ್ಪೀಕರಿಗೆ ಹೋಗಲಿ' ಎಂದು ಇಟ್ಟದ್ದು ಹಳೆಯ ವಿಳಾಸಕ್ಕೇ ಉಳಿದು, ಹೊಸತು ಡಿಫಾಲ್ಟ್ ಸಾಧನಕ್ಕೆ ಹೋಗಿರಬಹುದು. ಅದು ಲ್ಯಾಪ್‌ಟಾಪಿನ ಒಳಗಿನ ಸಣ್ಣ ಸ್ಪೀಕರ್ ಆದರೆ 200 ಮಾಡಿಯೂ ಪ್ರಯೋಜನ ಇಲ್ಲ, ಒಡೆದು ಕೇಳುತ್ತದೆ ಅಷ್ಟೆ.

ಕಾಲ್ ನಡೆಯುತ್ತಿರುವಾಗಲೇ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, 'ವಾಲ್ಯೂಮ್ ಮಿಕ್ಸರ್' ತೆರೆಯಿರಿ; ಸದ್ದು ಮಾಡದ ಆ್ಯಪ್ ಆ ಪಟ್ಟಿಯಲ್ಲಿ ಕಾಣದೆ ಇರಬಹುದು. ಆ್ಯಪಿನ ಸಾಲನ್ನು ಬಿಡಿಸಿ ಔಟ್‌ಪುಟ್ ಸಾಧನ ಯಾವುದು, ಗುಂಡಿ ಎಷ್ಟರಲ್ಲಿ ಉಂಟು ನೋಡಿ. ಮಿಕ್ಸರಿನಲ್ಲಿ 100, ಆ್ಯಪಿನಲ್ಲಿ 100, ಬಾಕಿ ಹೆಚ್ಚು ಕಡಿಮೆ ಎಲ್ಲ ಸ್ಪೀಕರಿನ ತಿರುಗಣೆಯಲ್ಲಿ ಮಾಡಿ. ಆ್ಯಪಿನ ಒಳಗೂ 'ಡಿಫಾಲ್ಟ್' ಎಂದು ಬಿಡದೆ ಮೈಕ್, ಸ್ಪೀಕರ್ ಎರಡನ್ನೂ ಹೆಸರು ಹಿಡಿದು ಆರಿಸಿ. ಯುಎಸ್‌ಬಿ ಮೈಕನ್ನು ಯಾವಾಗಲೂ ಒಂದೇ ಪೋರ್ಟಿಗೆ ಚುಚ್ಚಿ. ಪೋರ್ಟ್ ಬದಲಾದರೆ ವಿಂಡೋಸ್ ಅದನ್ನು ಹೆಸರಿನಲ್ಲಿ '2-' ಸೇರಿಸಿ ಹೊಸ ಮೈಕೆಂದೇ ತಿಳಿಯಬಹುದು.

ಶ್ರುತಿ ಕೋಣೆಯಲ್ಲೇ ಇಳಿಯುವುದಕ್ಕೆ ಕಾರಣ ಬೇರೆ. ಅದೇ ಸೌಂಡ್ ಪುಟದ ತಳದಲ್ಲಿ 'ಮೋರ್ ಸೌಂಡ್ ಸೆಟ್ಟಿಂಗ್ಸ್' ಒತ್ತಿದರೆ ಹಳೆಯ ಕಿಟಕಿ ಬರುತ್ತದೆ, ಅದರಲ್ಲಿ 'ಕಮ್ಯುನಿಕೇಷನ್ಸ್' ಟ್ಯಾಬ್. ಕರೆ ನಡೆಯುವಾಗ ಉಳಿದ ಸದ್ದನ್ನು 80% ಇಳಿಸು ಎಂಬುದು ಅಲ್ಲಿ ಮೊದಲೇ ಗುರುತಾಗಿರುತ್ತದೆ. 'ಡೂ ನಥಿಂಗ್' ಮಾಡಿ ಓಕೆ ಕೊಡಿ. ಆ್ಯಪಿನ ಒಳಗೂ ಇದೇ ಕೆಲಸ ಮಾಡುವ 'ಅಟೆನ್ಯುಯೇಷನ್' ಉಂಟು, ಅದನ್ನು 0ಗೆ ತನ್ನಿ. ಎರಡರಲ್ಲಿ ಒಂದನ್ನೇ ಸರಿಮಾಡಿ ನಿಲ್ಲಿಸಿದರೆ ಶ್ರುತಿ ಪುನಃ ಇಳಿಯಬಹುದು.

ಚೆಂಡೆಮದ್ದಳೆ_ನೀರ್ಚಾಲು:

ಮೇಲಿನವರು ಹೇಳಿದ್ದು ಸರಿ. ಆದರೆ ಅರ್ಥಧಾರಿಗಳಿಗೆ ಶ್ರುತಿ ಕೇಳದ್ದು ವಾಲ್ಯೂಮಿನ ಪ್ರಶ್ನೆಯೇ ಅಲ್ಲ. ಅದು ನಾಯ್ಸ್ ಸಪ್ರೆಷನ್. ಈ ಫಿಲ್ಟರ್ ಮನುಷ್ಯರ ಮಾತನ್ನು ಮಾತ್ರ ಉಳಿಸಿಕೊಳ್ಳಲು ಮಾಡಿದ್ದು. ಏರಿಳಿತ ಇಲ್ಲದೆ ಹಿಡಿದ ಸದ್ದು ಫ್ಯಾನಿನದ್ದೋ ಶ್ರುತಿಯದ್ದೋ ಅದಕ್ಕೆ ತಿಳಿಯದು. ಎರಡನ್ನೂ ಗುಡಿಸಿ ಹಾಕುತ್ತದೆ. ಭಾಗವತರು ಒಂದೇ ಸ್ವರದಲ್ಲಿ ನಿಂತರೂ ಅದೇ ಗತಿ. ಮದ್ದಳೆಯ ಪೆಟ್ಟಿನ ಮೊದಲ ತುಂಡು ದಾಟುತ್ತದೆ, ಅದರ ಹಿಂದಿನ ನಾದ ಹೋಗುತ್ತದೆ. ನಿಮಗೆ ಟಿಕ್ ಟಿಕ್ ಆಗುವುದು ಅದಕ್ಕೇ.

ಸೆಟ್ಟಿಂಗ್ಸಿನ 'ವಾಯ್ಸ್ ಆ್ಯಂಡ್ ವಿಡಿಯೊ'ದಲ್ಲಿ 'ಇನ್‌ಪುಟ್ ಪ್ರೊಫೈಲ್' ನೋಡಿ. 'ವಾಯ್ಸ್ ಐಸೊಲೇಷನ್' ಇದ್ದರೆ ಹಿಮ್ಮೇಳದ ಕಡೆ 'ಸ್ಟುಡಿಯೊ' ಮಾಡಿ. ಅದರಲ್ಲಿ ಫಿಲ್ಟರೇ ಇಲ್ಲ. 'ಕಸ್ಟಮ್' ಆರಿಸಿದರೆ ನಾಯ್ಸ್ ಸಪ್ರೆಷನ್ ಬಂದ್, ಆಟೊಮ್ಯಾಟಿಕ್ ಗೇನ್ ಕಂಟ್ರೋಲ್ (ಮೈಕ್ ಲೆವೆಲನ್ನು ತಾನೇ ಏರಿಸಿ ಇಳಿಸುವುದು) ಬಂದ್, ಇನ್‌ಪುಟ್ ಸೆನ್ಸಿಟಿವಿಟಿಯ (ಎಷ್ಟು ಸಣ್ಣ ಸದ್ದಿಗೆ ಮೈಕ್ ತೆರೆಯಬೇಕು ಎಂಬುದು) ಆಟೊ ತೆಗೆದು ಗುಂಡಿಯನ್ನು ಪೂರ್ತಿ ಎಡಕ್ಕೆ. ಆಟೊ ಗೇನ್ ಇದ್ದರೆ ಚೆಂಡೆಯ ಒಂದು ಪೆಟ್ಟಿಗೆ ಇಡೀ ಮೈಕ್ ತಗ್ಗಿ, ಅದರ ಹಿಂದೆ ಬರುವ ಪದ್ಯದ ಸಾಲು ಕೇಳದೆ ಹೋಗುತ್ತದೆ. ಇದು ಬಹಳ ಜನ ಗಮನಿಸದ ವಿಷಯ.

ಗೇನನ್ನು ಕೈಯಿಂದಲೇ ಇಡಿ. ಮೈಕ್ ಭಾಗವತರ ಬಾಯಿಗೆ ಒಂದು ಗೇಣು ದೂರ, ಮದ್ದಳೆ ಒಂದು ಮೀಟರ್, ಚೆಂಡೆ ಕಡಿಮೆಯೆಂದರೆ ಎರಡು ಮೂರು ಮೀಟರ್ ಆಚೆ. ಚೆಂಡೆಯ ಅತಿ ಜೋರಿನ ಪೆಟ್ಟು ಬಾರಿಸಲು ಹೇಳಿ, ಅದು ಒಡೆಯದಷ್ಟಕ್ಕೆ ಮೈಕ್ ಲೆವೆಲ್ ನಿಲ್ಲಿಸಿ. ಮೈಕಿನಲ್ಲೇ ಒಡೆದ ಸದ್ದನ್ನು ಮತ್ತೆ ಯಾವ ಸೆಟ್ಟಿಂಗಿನಿಂದಲೂ ಸರಿಮಾಡಲು ಬರುವುದಿಲ್ಲ. ಚಾನೆಲಿನ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಸದ್ದಿನ ಡೇಟಾ, ಮಾಮೂಲಾಗಿ 64 ಕೆಬಿಪಿಎಸ್ ಇರುತ್ತದೆ. ಚಾನೆಲ್ ತಿದ್ದುವ ಅಧಿಕಾರ ಇದ್ದವರು 'ಓವರ್‌ವ್ಯೂ'ನಲ್ಲಿ 96 ಮಾಡಲಿ. ಮಾತಿಗೆ ಅಷ್ಟು ವ್ಯತ್ಯಾಸ ಕಾಣದು, ಮದ್ದಳೆಗೆ ಕಾಣುತ್ತದೆ.

ಅರ್ಥಧಾರಿಗಳು ಸಪ್ರೆಷನ್ ತೆಗೆಯುವುದು ಬೇಡ. ಅವರ ಕಡೆ ಬರೀ ಮಾತು, ಮಳೆಯ ಸದ್ದು ಹೋದಷ್ಟು ಒಳ್ಳೆಯದು.

ಉಪ್ಪಳ_ಮೊಬೈಲ್:

ಮುಂಬಯಿಯವರದ್ದಕ್ಕೆ ಉತ್ತರ: ಮಾಮೂಲು ಬ್ಲೂಟೂತ್ ಹೆಡ್‌ಸೆಟ್ ಹಾಡು ಕೇಳಲು ಒಂದು ಪ್ರೊಫೈಲ್, ಮೈಕ್ ಬಳಸಲು ಇನ್ನೊಂದು ಪ್ರೊಫೈಲ್ ಹಿಡಿಯುತ್ತದೆ. ಹೆಡ್‌ಸೆಟ್ಟಿನ ಮೈಕ್ ತೆರೆದ ಕೂಡಲೇ ಹ್ಯಾಂಡ್ಸ್‌ಫ್ರೀಗೆ ಇಳಿದು ಮೊನೊ ಆಗುತ್ತದೆ, 8 ಅಥವಾ 16 ಕಿಲೊಹರ್ಟ್ಸ್ ಮಾತ್ರ. ಲ್ಯಾಪ್‌ಟಾಪ್ ಆದರೆ ಇನ್‌ಪುಟ್ ಸಾಧನವಾಗಿ ಲ್ಯಾಪ್‌ಟಾಪಿನದ್ದೇ ಮೈಕ್ ಆರಿಸಲಿ, ಹೆಡ್‌ಸೆಟ್ ಕೇಳುವುದಕ್ಕೆ ಮಾತ್ರ ಇರಲಿ. ಫೋನ್ ಆದರೆ ವಯರಿನ ಇಯರ್‌ಫೋನ್ ಹಾಕುವುದೇ ಸುಲಭ.

ಪೆರ್ಲ, ಮುಳ್ಳೇರಿಯದ ಫೋನಿನವರಿಗೆ ಒಂದು ಮಾತು. ಆಂಡ್ರಾಯ್ಡಿನಲ್ಲಿ ಮೀಡಿಯಾ ವಾಲ್ಯೂಮ್ ಬೇರೆ, ಕಾಲ್ ವಾಲ್ಯೂಮ್ ಬೇರೆ. ಚಾನೆಲ್ ಸೇರುವ ಮೊದಲು ಬದಿಯ ಬಟನ್ ಎಷ್ಟು ಒತ್ತಿದರೂ ಏರುವುದು ಮೀಡಿಯಾ. ಸೇರಿದ ಮೇಲೆ ಒತ್ತಲಿ.

ಬದಿಯಡ್ಕ_ಹಿಮ್ಮೇಳ:

ಎಲ್ಲರಿಗೂ ವಂದನೆ. ಮಿಕ್ಸರಿನಲ್ಲಿ ಔಟ್‌ಪುಟ್ ಲ್ಯಾಪ್‌ಟಾಪಿನ ಒಳಗಿನ ಸ್ಪೀಕರಿಗೆ ಹೋಗಿತ್ತು, ಬದಲಿಸಿದೆವು. ಈಗ ಅರ್ಥ ಚೆನ್ನಾಗಿ ಕೇಳುತ್ತದೆ. 'ಡೂ ನಥಿಂಗ್', 'ಸ್ಟುಡಿಯೊ' ಎರಡೂ ಆಯಿತು, ಶ್ರುತಿಯೂ ಮದ್ದಳೆಯೂ ಬಂತು. ಆದರೆ ಈಗ ಅರ್ಥಧಾರಿಗಳಿಗೆ ಅವರದ್ದೇ ಮಾತು ಅರೆಗಳಿಗೆ ಬಿಟ್ಟು ತಿರುಗಿ ಕೇಳುತ್ತದೆ. ಎಂತ ಮಾಡುವುದು?

ಚೆಂಡೆಮದ್ದಳೆ_ನೀರ್ಚಾಲು:

'ಸ್ಟುಡಿಯೊ'ದಲ್ಲಿ ಎಕೊ ಕ್ಯಾನ್ಸಲೇಷನ್ ಕೂಡ ಇಲ್ಲ. ಸ್ಪೀಕರಿನಿಂದ ಬಂದ ಅರ್ಥ ನಿಮ್ಮ ಮೈಕಿಗೆ ಬಿದ್ದು ವಾಪಸ್ ಹೋಗುತ್ತಿದೆ. 'ಕಸ್ಟಮ್' ಮಾಡಿ ಎಕೊ ಕ್ಯಾನ್ಸಲೇಷನ್ ಒಂದನ್ನೇ ಇಟ್ಟರೆ ಅದು ನಿಲ್ಲುತ್ತದೆ, ಆದರೆ ಅರ್ಥದ ಕೊನೆಗೆ ಭಾಗವತರು ಪದ್ಯ ಎತ್ತುವಾಗ ಮೊದಲ ಅಕ್ಷರ ತುಂಡಾದೀತು. ತಾಳಮದ್ದಳೆಗೆ ಅದು ಸಲ್ಲ. ಸ್ಪೀಕರ್ ಬಂದ್ ಮಾಡಿ ಭಾಗವತರಿಗೂ ಮದ್ದಳೆಯವರಿಗೂ ವಯರಿನ ಹೆಡ್‌ಫೋನ್ ಕೊಡಿ. ಶ್ರುತಿ ಮಾತ್ರ ಹೆಡ್‌ಫೋನಿಗೆ ಹೋಗಿಬಿಡಬಾರದು. ಅದನ್ನು ಬೇರೆ ಫೋನಿನಲ್ಲಿ ಏರೋಪ್ಲೇನ್ ಮೋಡ್ ಹಾಕಿ, ಮೈಕಿನಿಂದ ಅರ್ಧ ಮೀಟರ್ ದೂರ ಇಡಿ.

ಕುಂಬಳೆ_ಆಡಿಯೊ:

ಒಂದೇ ಜ್ಯಾಕಿಗೆ ಎರಡು ಹೆಡ್‌ಫೋನ್ ಹಾಕುವ 3.5 ಮಿಮೀ ಸ್ಪ್ಲಿಟರ್ ಕೊಳ್ಳುವಾಗ ನೋಡಿಕೊಳ್ಳಿ. ಅಂಗಡಿಯಲ್ಲಿ ಎರಡು ಜಾತಿ ಉಂಟು, ಹೊರಗಿನಿಂದ ಒಂದೇ ರೀತಿ. ಒಂದು ಹೆಡ್‌ಫೋನನ್ನೂ ಮೈಕನ್ನೂ ಬೇರೆ ಮಾಡುವುದು, ಅದರ ತೂತುಗಳಲ್ಲಿ ಒಂದಕ್ಕೆ ಮೈಕಿನ ಚಿತ್ರ ಇರುತ್ತದೆ. ನಿಮಗೆ ಬೇಕಾದದ್ದು ಎರಡಕ್ಕೂ ಹೆಡ್‌ಫೋನಿನ ಚಿತ್ರ ಇರುವುದು.