ಡೋರ್ ಪ್ಯಾನಲ್ ಮುರೀದಂಗ ಬಿಚ್ಚೂದು ಹೆಂಗ್ರಿ? ಮಾಡಿ ಗೊತ್ತಿದ್ದವರು ಹೇಳ್ರಿ

ಕೇಳಿದವರು, ವಿಜಯಪುರ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು 2015ರ ಹ್ಯಾಚ್‌ಬ್ಯಾಕ್. ಡ್ರೈವರ್ ಕಡೆ ಗ್ಲಾಸ್ ಅರ್ಧಕ್ಕ ಬಂದು ನಿಂತು ಬಿಡತೈತಿ, ಸ್ಪೀಕರೂ ಗರ್‌ಗರ್ ಅನ್ನಾಕತ್ತಾವ. ಗ್ಯಾರೇಜಿನಾಗ ಮಾಡಿ ಕೊಡ್ತಾರ ಖರೆ, ಆದ್ರ ನಾಲ್ಕೂ ಡೋರಿಗೆ ನಾನ ಕುಂತು ಸ್ಪೀಕರ್ ಹಾಕಬೇಕಂತ ಭಾಳ ಆಸೆ ಐತಿ. ಪ್ಯಾನಲ್ ಹಿಡದು ಎಳದ್ರ ಕಟ್ ಅಂತ ಸಪ್ಪಳ ಬರತೈತಿ, ಅಂಜಿಕಿ ಆಗಿ ಕೈ ಬಿಟ್ಟೀನಿ. ಕ್ಲಿಪ್ ಮುರೀದಂಗ, ಪ್ಲಾಸ್ಟಿಕ್ ಮ್ಯಾಲ ಗೀರು ಬೀಳದಂಗ ಹೆಂಗ ತೆಗಿಯೂದು? ಮುಂದ ಡ್ಯಾಶ್‌ಕ್ಯಾಮ್ ವೈರೂ ಮುಂದಿನ ಗ್ಲಾಸಿನ ಬಾಜೂಕಿನ ಕಂಬದಾಗ ಹಾಯಿಸೂದೈತಿ, ಅದನ್ನೂ ಹೇಳ್ರಿ.

ಬೆಳಗಾವಿಯಿಂದ

ಅಣ್ಣಾರ, ನಾ ಉದ್ಯಮಬಾಗ ಕಡೆ ಕಾರಿಗೆ ಸೌಂಡ್ ಫಿಟ್ಟಿಂಗ್ ಮಾಡಾಂವ, ಡೋರ್ ಬಿಚ್ಚೂದು ನಮಗ ದಿನದ ಕೆಲಸ. ನೀವು ಕ್ಲಿಪ್ ಮುರೀಬಾರದು ಅಂತ ಕೇಳೀರಿ, ನಾ ಅಂತೀನಿ ಕ್ಲಿಪ್ ಮುರದ್ರ ಮುರೀಲಿ ಬಿಡ್ರಿ, ಅದು ಹೊಸಾದು ಸಿಗತೈತಿ. ಉಳಿಸಬೇಕಾದ್ದು ಏನಪಾ ಅಂದ್ರ ಆ ಕ್ಲಿಪ್ ಕುಂಡ್ರೂ ಮನಿ. ಅದು ಪ್ಯಾನಲ್ ಹಿಂದ ಅಚ್ಚಿನಾಗ ಬಂದಿರತೈತಿ, ಅದು ಕಿತ್ತು ಬಂತಂದ್ರ ಪ್ಯಾನಲ್ ಮುಂದ ಬರೋಬ್ಬರಿ ಕುಂಡ್ರಂಗಿಲ್ಲ, ತಗ್ಗು ದಿಣ್ಣಿ ಬಂದಾಗೆಲ್ಲಾ ಗಡಗಡ ಅಂತೈತಿ. ಅದಕ್ಕ ಕೈ ಹಚ್ಚೂಕಿಂತ ಮೊದಲ ನಿಮ್ಮ ಗಾಡಿಗೆ ಕುಂಡ್ರೂ ಕ್ಲಿಪ್ ಒಂದು ಪ್ಯಾಕೆಟ್ ತಂದು ಬಾಜೂಕ ಇಟ್ಕೋರಿ, ಕ್ಲಿಪ್ ಬಾಜೂಕ ಇತ್ತಂದ್ರ ಅಂಜಿಕಿನೂ ಹೋಗತೈತಿ, ಕೈನೂ ನಡಗಂಗಿಲ್ಲ.

ಪ್ಯಾನಲ್ ಬರವಲ್ದು ಅಂದ್ರ ಎಲ್ಲೋ ಒಂದು ಸ್ಕ್ರೂ ಉಳದೈತಿ ಅಂತ ತಿಳಕೊಂಡು ನಿಂದರ್ರಿ, ಜೋರ್ ಮಾಡಬ್ಯಾಡ್ರಿ. ಸ್ಕ್ರೂ ಎಲ್ಲಾ ಮುಚ್ಚಿಟ್ಟಿರತಾರ. ಒಳಗಿನ ಹ್ಯಾಂಡಲ್ ಹಿಂದ ಸಣ್ಣ ಮುಚ್ಚಳ ಇರತೈತಿ ಅದರಾಗ, ಡೋರ್ ಎಳಕೊಳ್ಳಾಕ ಕೈ ಹಾಕೂ ತಗ್ಗಿನ ತಳದಾಗ, ಬಾಟ್ಲಿ ಇಡೂ ಜಾಗಾದಾಗ, ಕನ್ನಡಿ ಹಿಂದಿನ ತ್ರಿಕೋನ ಪ್ಲಾಸ್ಟಿಕ್ ಒಳಗ, ಕೆಲವು ಗಾಡಿಗೆ ಡೋರಿನ ಅಂಚಿನ ರಿಫ್ಲೆಕ್ಟರ್ ಹಿಂದನೂ ಇರತಾವ. ಮೊಬೈಲ್ ಟಾರ್ಚ್ ಹಿಡದು ಅಂಚು ಅಂಚು ನೋಡ್ರಿ. ಇಂಥಾ ಮುಚ್ಚಳ ತೆಗಿಯಾಕ ಅದರ ಬಾಜೂಕ ಒಂದು ಸಣ್ಣ ಸಂದಿ ಕೊಟ್ಟಿರತಾರ, ಅಲ್ಲೇ ಮೀಟ್ರಿ, ಬ್ಯಾರೆ ಕಡೆ ಮೀಟಿದ್ರ ಅಂಚು ಹಾಳಾಗತೈತಿ.

ಟೂಲ್ ಅಂದ್ರ ನೈಲಾನ್‌ದು ಟ್ರಿಮ್ ಟೂಲ್ ಸೆಟ್ ಸಿಗತೈತಿ, ಅದನ್ನ ತೊಗೋರಿ, ಹೆಚ್ಚಿನ ರೊಕ್ಕ ಏನೂ ಬೀಳಂಗಿಲ್ಲ. ಸಿಗದಿದ್ರ ಅಗಲ ಬಾಯಿ ಸ್ಕ್ರೂಡ್ರೈವರಿಗೆ ಮಾಸ್ಕಿಂಗ್ ಟೇಪ್ ದಪ್ಪಗೆ ಸುತ್ತಿ, ಬಾಡಿ ಪೇಂಟ್ ಮ್ಯಾಲೂ ಟೇಪ್ ಹಚ್ಚಿ ಮಾಡ್ರಿ. ಯಾವಾಗ್ಲೂ ಕೆಳಗಿನ ಮೂಲಿಯಿಂದ ಚಾಲೂ ಮಾಡ್ರಿ, ಅಲ್ಲೆ ಸ್ವಲ್ಪ ಗೀರು ಬಿದ್ರೂ ಕಾಣಂಗಿಲ್ಲ. ಟೂಲ್ ಒಳಗ ಸರಸಿ ಸಾವಕಾಶ ಅಡ್ಡ ಎಳದ್ರ ಒಂದ ಕಡೆ ಗಟ್ಟಿ ಹತ್ತತೈತಿ, ಅದ ಕ್ಲಿಪ್. ಟೂಲಿನ ಬಾಯಿ ಅದರ ಬುಡಕ್ಕ ಹಚ್ಚಿ ಮೀಟ್ರಿ. ಎರಡು ಕ್ಲಿಪ್ಪಿನ ನಡಕ ಮೀಟಿದ್ರ ಪ್ಯಾನಲ್ ಬಾಗತೈತಿ, ಕರೀ ಪ್ಲಾಸ್ಟಿಕ್ ಬಾಗಿದ ಕಡೆ ಬೆಳ್ಳನ ಗೆರಿ ಬೀಳತೈತಿ, ಅದು ಒರಸಿದ್ರ ಹೋಗೂದಲ್ಲ. ಒಂದೆರಡು ಕ್ಲಿಪ್ ಬಿಟ್ಟ ಮ್ಯಾಲ ಕೈ ಒಳಗ ಹಾಕಿ ಮುಂದಿನ ಕ್ಲಿಪ್ಪಿನ ಹತ್ತಿರನ ಹಿಡದು ನೀಟಾಗಿ ಹೊರಗ ಎಳೀರಿ. ನಿಮಗ ಕೇಳಿದ ಕಟ್ ಸಪ್ಪಳ ಐತಲ್ಲ, ಅದು ಕ್ಲಿಪ್ ಬಿಡೂ ಸಪ್ಪಳ ಇರಬೇಕು, ಅದಕ್ಕ ಹೆದರಬ್ಯಾಡ್ರಿ, ಸ್ಕ್ರೂ ಎಲ್ಲಾ ತೆಗದಿದ್ರ ಮಾತ್ರ.

ಇನ್ನೊಂದು, ನಮ್ಮ ಬೆಳಗಾವಿ ಮಳಿಗಾಲದ ತಂಪಿನಾಗ, ಡಿಸೆಂಬರ್ ಮುಂಜಾನೆ ಈ ಕೆಲಸ ಹಚ್ಚಬ್ಯಾಡ್ರಿ. ತಂಪಿಗೆ ಪ್ಲಾಸ್ಟಿಕ್ ಬಿರುಸಾಗಿರತೈತಿ, ಬಾಗೂ ಬದಲಿ ಟಪ್ ಅಂತ ಹೋಗತೈತಿ. ಜರಾ ಬಿಸಲಿಗೆ ಗಾಡಿ ನಿಂದರಿಸಿ ಮಾಡ್ರಿ ಇಲ್ಲಾ ತಲಿ ಒಣಗಿಸೂ ಡ್ರೈಯರ್ ಹಿಡೀರಿ.

ಬಾಗಲಕೋಟಿಯಿಂದ

ಅವರು ಥಂಡಿದು ಹೇಳ್ಯಾರ, ನಾ ಬಿಸಲಿಂದು ಹೇಳ್ತೀನ್ರಿ. ನಮ್ಮ ಕಡೆ ಏಪ್ರಿಲ್ ಮೇದಾಗ 40 ಡಿಗ್ರಿ ದಾಟತೈತಿ, ಮುಚ್ಚಿದ ಗಾಡಿ ಒಳಗ ಅದಕ್ಕೂ ಹೆಚ್ಚು. ಅಷ್ಟು ಕಾದ ಪ್ಲಾಸ್ಟಿಕ್ ಮೆತ್ತಗಾಗಿ ಟೂಲಿನ ಅಚ್ಚು ಹಂಗ ಮೂಡತೈತಿ. ಬೇವಿನ ಗಿಡದ ನೆರಳಿಗೆ ಹಚ್ಚಿ, ಡೋರ್ ತಗದಿಟ್ಟು, ಒಂದಿಷ್ಟು ಆರಾಕ ಬಿಟ್ಟು ಆಮ್ಯಾಲ ಮುಟ್ರಿ. ಮತ್ತ ವರ್ಷಾನುಗಟ್ಟಲೆ ಬಿಸಲಾಗ ನಿಂತ ಗಾಡಿಯಂದ್ರ ಗ್ಲಾಸಿಗೆ ಹತ್ತಿದ ಮ್ಯಾಲಿನ ಅಂಚು ಹಪ್ಪಳದಂಗ ಆಗಿರತೈತಿ, ಅಲ್ಲೆ ಭಾಳ ನಿಗಾ ಇರಲಿ.

ಧೂಳ ಮೊದಲ ತೆಗೀರಿ. ಎರಿ ಮಣ್ಣಿನ ಧೂಳ, ಕಬ್ಬಿನ ಟ್ರ್ಯಾಕ್ಟರ್ ಸೀಜನ್ನಿನಾಗಂತೂ ಸಂದಿ ಸಂದಿನಾಗ ಕುಂತಿರತೈತಿ, ಅದರ ಮ್ಯಾಲ ಟೂಲ್ ಸರಸಿದ್ರ ಗೀರು ಬೀಳೂದು ಟೂಲಿನಿಂದಲ್ಲ, ಆ ಉಸುಕಿನಿಂದ. ಪೇಂಟಿಂಗ್ ಬ್ರಶ್ ತೊಗೊಂಡು ಅಂಚೆಲ್ಲಾ ಝಾಡಿಸಿ, ಒದ್ದಿ ಅರಬಿಲೆ ಒರಸ್ರಿ. ಮಿರಿಮಿರಿ ಮಿಂಚೂ ಕರೀ ಪ್ಲಾಸ್ಟಿಕ್ ಸ್ಟೀರಿಯೋ ಸುತ್ತ ಇದ್ರ ಅದಕ್ಕ ಟೇಪ್ ಹಚ್ಚದ ಮುಟ್ಟಲೇಬ್ಯಾಡ್ರಿ.

ಹಿಂದಿನ ಡೋರಿಗೆ ಕೈಲೆ ತಿರುಗಿಸೂ ಹ್ಯಾಂಡಲ್ ಇದ್ರ ಅದರ ಬುಡದಾಗ ಕುದುರಿ ಲಾಳದ ಆಕಾರದ ತಂತಿ ಕ್ಲಿಪ್ ಇರತೈತಿ. ಹ್ಯಾಂಡಲಿಗೂ ಅದರ ಹಿಂದಿನ ಪ್ಲಾಸ್ಟಿಕ್ ಬಿಲ್ಲಿಗೂ ನಡುವ ಒಂದು ಅರಬಿ ಪಟ್ಟಿ ಸರಸಿ, ಎರಡೂ ತುದಿ ಹಿಡದು ಆ ಕಡೆ ಈ ಕಡೆ ಜಗ್ಗಾಡ್ರಿ, ದಾರಕ್ಕ ಸಿಕ್ಕು ಕ್ಲಿಪ್ ತಾನ ಹೊರಗ ಬರತೈತಿ. ಜಿಗದು ಹೋಗತೈತಿ, ಕಣ್ಣಿಗೆ ಹುಷಾರ್. ಗ್ಲಾಸ್ ಪೂರ್ತಿ ಮ್ಯಾಲ ಇದ್ದಾಗ ಹ್ಯಾಂಡಲ್ ಯಾವ ದಿಕ್ಕಿಗೆ ಇತ್ತು ಒಂದು ಫೋಟೋ ಹೊಡಕೋರಿ.

ಕೇಳಿದವರು, ವಿಜಯಪುರ

ಭಾಳ ಉಪಕಾರ ಆತ್ರಿ. ಹ್ಯಾಂಡಲ್ ಹಿಂದಿನ ಮುಚ್ಚಳದಾಗ ಸ್ಕ್ರೂ ಸಿಕ್ತು, ಅದನ್ನ ತಗದ ಮ್ಯಾಲ ಕೆಳಗ, ಬಾಜೂಕ ಎಲ್ಲಾ ಬಿಡ್ತು. ಆದ್ರ ಮ್ಯಾಲಿನ ಅಂಚು ಮಾತ್ರ ಬಿಡವಲ್ದು. ಒಳಗ ಇಣಕಿ ನೋಡಿದ್ರ ಒಂದು ಪ್ಲಾಸ್ಟಿಕ್ ಹಾಳಿ ಅಂಟಿಸ್ಯಾರ, ಅದನ್ನ ಹರದು ಹಾಕಬೇಕೇನ್ರಿ?

ಬೆಳಗಾವಿಯಿಂದ

ಹರೀಬ್ಯಾಡ್ರಿ ಹರೀಬ್ಯಾಡ್ರಿ! ಮೊದಲ ಅಂಚಿಂದು ಹೇಳ್ತೀನಿ. ಮ್ಯಾಲಿನ ಅಂಚು ಗ್ಲಾಸ್ ಬುಡದ ತಗಡಿಗೆ ಕೊಂಡಿ ಹಾಕಿದಂಗ ಕುಂತಿರತೈತಿ, ಹೊರಗ ಎಳದ್ರ ಬರಂಗಿಲ್ಲ, ಎರಡೂ ಕೈಲೆ ಹಿಡದು ನೆಟ್ಟಗ ಮ್ಯಾಲಕ್ಕ ಎತ್ರಿ. ಲಾಕಿನ ಗುಬಟಿ ಮ್ಯಾಲಿದ್ರ ಅದರಿಂದನೂ ಪಾರಾಗಬೇಕು. ಎತ್ತಿದ ಕೂಡಲೆ ಜಗ್ಗಬ್ಯಾಡ್ರಿ, ಹಿಂದ ಗ್ಲಾಸ್ ಸ್ವಿಚ್ಚಿನ ವೈರು, ಹ್ಯಾಂಡಲಿನ ಕೇಬಲ್ಲು ಹತ್ತಿರತಾವ. ಪ್ಯಾನಲ್ ಮೊಣಕಾಲ ಮ್ಯಾಲ ಆನಿಸಿ, ಕನೆಕ್ಟರ್ ಮ್ಯಾಲಿನ ನಾಲಿಗಿ ಒತ್ತಿ ಕನೆಕ್ಟರ್ ಹಿಡದ ಎಳೀರಿ, ವೈರ್ ಹಿಡದು ಎಳೀಬಾರದು.

ಆ ಹಾಳಿ ಬರೇ ಧೂಳಿಗೆ ಅಂತ ಹಾಕಿದ್ದಲ್ಲ. ಮಳಿ ನೀರು ಗ್ಲಾಸಿನ ಸಂದಿಲೆ ಡೋರ್ ಒಳಗ ಇಳೀತೈತಿ, ಇಳೀಬೇಕಾದ್ದ ಹಂಗ, ಕೆಳಗಿನ ತೂತಿನಿಂದ ಹೊರಗ ಹೋಗತೈತಿ. ಹಾಳಿ ಇಲ್ಲಂದ್ರ ಅದ ನೀರು ಪ್ಯಾನಲ್ಲಿಗೆ ಬಂದು, ಕಾರ್ಪೆಟ್ ತೊಯ್ದು ವಾಸನಿ ಹಿಡೀತೈತಿ, ನಮ್ಮ ಕಡೆ ಜುಲೈ ಮಳಿಯೊಳಗ ಇಂಥಾ ಗಾಡಿ ಭಾಳ ಬರ್ತಾವ. ಹಾಳಿ ಹಿಂದ ಕರೀ ಜಿಗಟ ಅಂಟು ಇರತೈತಿ, ಡ್ರೈಯರ್ ಹಿಡದು ಸಾವಕಾಶ ಬಿಡಿಸ್ರಿ, ಬೇಕಾದಷ್ಟ ಭಾಗ. ಆ ಅಂಟಿಗೆ ಕೈ, ಧೂಳ ತಾಗಲಿಲ್ಲಂದ್ರ ಮತ್ತ ಒತ್ತಿದ್ರ ಹತ್ತತೈತಿ.

ವಾಪಸ್ ಹಾಕೂ ಮುಂದ ತಗಡಿನಾಗ ಸಿಕ್ಕು ಉಳದ ಕ್ಲಿಪ್ ಎಲ್ಲಾ ಪಕ್ಕಡಲೆ ತಗದು ಪ್ಯಾನಲ್ ಮನಿಯೊಳಗ ಕುಂಡ್ರಸ್ರಿ, ಮುರದದ್ದು ಬದಲಸ್ರಿ. ಮೊದಲ ಕನೆಕ್ಟರ್ ಹಾಕಿ ಗ್ಲಾಸ್ ಇಳಿಸಿ ಏರಿಸಿ, ಹ್ಯಾಂಡಲ್ ಎಳದು ಡೋರ್ ತಗೀತೈತೋ ಇಲ್ಲೋ ನೋಡಿ, ಆಮ್ಯಾಲ ಮ್ಯಾಲಿನ ಅಂಚು ಕುಂಡ್ರಿಸಿ, ಒಂದೊಂದ ಕ್ಲಿಪ್ ತೂತಿನ ನೇರಕ್ಕ ಐತಿ ಅಂತ ಖಾತ್ರಿ ಮಾಡಿ ಅಂಗೈಲೆ ಗುದ್ರಿ. ನೇರಕ್ಕ ಇಲ್ಲದ ಕ್ಲಿಪ್ಪಿಗೆ ಗುದ್ದಿದ್ರ ನಾ ಮೊದಲ ಹೇಳಿದ ಆ ಮನಿ ಅಲ್ಲೇ ಮುರೀತೈತಿ. ಬಿಚ್ಚೂ ಮುಂದ ಮುರೀದ್ದಕ್ಕಿಂತ ಹಾಕೂ ಮುಂದ ಮುರದದ್ದ ನಾ ಹೆಚ್ಚು ನೋಡೀನಿ.

ವಿಜಯಪುರದಿಂದ ಇನ್ನೊಬ್ಬರು

ನಮ್ಮ ಊರವರ ಇದ್ದೀರಿ, ಡ್ಯಾಶ್‌ಕ್ಯಾಮ್ ವೈರಿಂದು ನಾ ಹೇಳ್ತೀನ್ರಿ, ಯಾಕಂದ್ರ ಇಲ್ಲೆ ಪ್ಲಾಸ್ಟಿಕ್ ಹೋಗೂದಲ್ಲ, ಜೀವದ ಪ್ರಶ್ನೆ. ಕಂಬದ ಪ್ಯಾನಲ್ ಮ್ಯಾಲ ಎಸ್‌ಆರ್‌ಎಸ್ ಏರ್‌ಬ್ಯಾಗ್ ಅಂತ ಬರದದ್ದು ಕಂಡ್ರ ಒಳಗ ಕರ್ಟನ್ ಏರ್‌ಬ್ಯಾಗ್, ಅಂದ್ರ ಡಿಕ್ಕಿ ಆದಾಗ ಬಾಜೂಕಿನ ಗ್ಲಾಸಿಗೆ ಪರದೆ ಹಂಗ ಇಳಿಯೂ ಏರ್‌ಬ್ಯಾಗ್ ಐತಿ ಅಂತ ಅರ್ಥ. ಡ್ರೈವರ್ ಏರ್‌ಬ್ಯಾಗ್ ನಮ್ಮ ದೇಶದಾಗ ಹೊಸ ಕಾರಿಗೆ ಕಡ್ಡಾಯ ಆಗಿದ್ದ 2019ರ ಜುಲೈ 1ರಿಂದ, ನಿಮ್ಮ 2015ರ ಗಾಡಿಗೆ ಸ್ಟೀರಿಂಗಿನಾಗ ಇದ್ರೂ ಇರಬಹುದು, ಇಲ್ಲದಿದ್ರೂ ಇರಬಹುದು, ಕಂಬ ಮತ್ತ ಸ್ಟೀರಿಂಗ್ ಎರಡೂ ನೋಡ್ಕೋರಿ. ಕಂಬದಾಗ ಇದ್ರ ಬ್ಯಾಟರಿ ನೆಗೆಟಿವ್ ತಗದು, ಗಾಡಿ ಬುಕ್ಕಿನಾಗ ಎಷ್ಟು ಹೊತ್ತು ಕಾಯಿರಿ ಅಂದಾರ ಅಷ್ಟು ಕಾದು ಆಮ್ಯಾಲ ಮುಟ್ರಿ. ಹಳದಿ ಕನೆಕ್ಟರ್ ಕಂಡ್ರ ಅದು ಏರ್‌ಬ್ಯಾಗಿಂದು, ಅದಕ್ಕ ಕೈ ಹಚ್ಚಬ್ಯಾಡ್ರಿ, ಟೆಸ್ಟ್ ಲ್ಯಾಂಪು, ಮೀಟರು ಹಚ್ಚೂದಂತೂ ಬ್ಯಾಡೇ ಬ್ಯಾಡ. ವೈರ್ ಯಾವತ್ತೂ ಏರ್‌ಬ್ಯಾಗ್ ಮುಂದ ಅಡ್ಡ ಬರಬಾರದು, ಅದರ ಹಿಂದ ಹಾಯಿಸಿ ಮೊದಲ ಇದ್ದ ವೈರ್ ಕಟ್ಟಿಗೆ ಬಿಗೀರಿ. ಕೆಲವು ಗಾಡಿದ ಕಂಬದ ಕ್ಲಿಪ್ಪಿಗೆ ಪಟ್ಟಿ ಇರತೈತಿ, ಏರ್‌ಬ್ಯಾಗ್ ಉಬ್ಬಿ ಹೊರಗ ಬಂದಾಗ ಪ್ಯಾನಲ್ ಹಾರಿ ಮಕಕ್ಕ ಬಡೀಬಾರದು ಅಂತ. ಆ ಕ್ಲಿಪ್ ಒಮ್ಮೆ ಬಿಚ್ಚಿದ್ರ ಹೊಸಾದನ್ನ ಹಾಕಬೇಕು, ಹಳೇದನ್ನ ಒತ್ತಿ ಕುಂಡ್ರಸಬ್ಯಾಡ್ರಿ.

ಏರ್‌ಬ್ಯಾಗ್ ಇಲ್ಲದ ಗಾಡಿ ಇದ್ರ ಕಂಬ ಬಿಚ್ಚೂ ತ್ರಾಸೇ ಬ್ಯಾಡ. ಮ್ಯಾಲ ಛತ್ತಿನ ಅಂಚಿನಾಗ ವೈರ್ ತುರಕಿ, ಡೋರ್ ರಬ್ಬರ್ ಒಳಗ ಇಳಿಸಿ ಫ್ಯೂಸ್ ಬಾಕ್ಸಿಗೆ ಒಯ್ಯಬಹುದು.

ಬಾಗಲಕೋಟಿಯಿಂದ

ಒಂದು ಮಾತು ಉಳದಿತ್ರಿ. ಎಲ್ಲೆರೆ ಕ್ಲಿಪ್ ಮನಿ ಮುರದಿದ್ರ ಫೆವಿಕ್ವಿಕ್ ಹಾಕೂಕಿಂತ ಮೊದಲ ಪ್ಯಾನಲ್ ಹಿಂದ ಅಚ್ಚಿನಾಗ ಅದು ಯಾವ ಜಾತಿ ಪ್ಲಾಸ್ಟಿಕ್ ಅಂತ ಬರದದ್ದು ಓದ್ರಿ. ಎಬಿಎಸ್ ಅಂತ ಇದ್ರ ಎಪಾಕ್ಸಿ ಅಂಟು ಚಲೋ ಹಿಡೀತೈತಿ. ಪಿಪಿ (ಪಾಲಿಪ್ರೊಪಿಲೀನ್) ಅಂತ ಇದ್ರ ಸಾದಾ ಅಂಟು ಯಾವುದೂ ನಿಂದರಂಗಿಲ್ಲ, ಒಣಗಿದ ಮ್ಯಾಲ ಪೊರಿ ಬಿಟ್ಟಂಗ ಬಿಡತೈತಿ. ಅದಕ್ಕ ಸೋಲ್ಡರಿಂಗ್ ಐರನ್‌ಲೆ ಎರಡೂ ಕಡೆ ಕರಗಿಸಿ, ಪಿಪಿದ ಚೂರು ಸೇರಿಸಿ ಬೆಸಿಬೇಕು. ಬಯಲಾಗ ಕುಂತು ಮಾಡ್ರಿ, ಹೊಗಿ ಚಲೋದಲ್ಲ. ಐರನ್ ಮುಂದಿನ ಮಾರಿಗೆ ಹಾಯದಂಗ ನೋಡ್ಕೋರಿ, ಪ್ಯಾನಲ್ ದಪ್ಪ ಭಾಳ ಇರಂಗಿಲ್ಲ.