ಸಾಗರದ ಕಡೆ ಹಳೇ ಹೋಟೆಲುಗಳ ಚರಿತ್ರೆ ಯಾರನ್ನು ಕೇಳಲಿ?

ಮೈಸೂರಿನ ಮಗಳು:
ಮುಂದಿನ ತಿಂಗಳು ಅಪ್ಪನನ್ನು ಕರೆದುಕೊಂಡು ಶಿವಮೊಗ್ಗ, ಸಾಗರ, ಸಿಗಂದೂರು ಕಡೆ ಬರ್ತಿದ್ದೇನೆ. ಅಪ್ಪನಿಗೆ ಎಪ್ಪತ್ತಾರು. ಹುಡುಗನಾಗಿದ್ದಾಗ ತಾಳಗುಪ್ಪ ರೈಲಿನಲ್ಲಿ ಜೋಗಕ್ಕೆ ಹೋಗುವಾಗ ಸಾಗರದ ಒಂದು ಹೋಟೆಲಿನಲ್ಲಿ ತಿಂದ ಕಡುಬಿನ ಮಾತು ಇವತ್ತಿಗೂ ತೆಗೀತಾರೆ. ಹೆಸರು ನೆನಪಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಸ್ಟಾರು, ಫೋಟೋ ಸಿಗುತ್ತೆ. ಯಾರು ಶುರು ಮಾಡಿದರು, ಯಾಕೆ ಅಲ್ಲೇ ಮಾಡಿದರು ಅನ್ನೋದು ಎಲ್ಲೂ ಇಲ್ಲ.

ರೈಟ್ ರೈಟ್:
ತಂಗಿ, ನಾನು 31 ವರ್ಷ ಈ ಕಡೆ ಖಾಸಗಿ ಬಸ್ಸಿನ ಕಂಡಕ್ಟರ್. ಹೋಟೆಲ್ ಎದುರಿಗೆ ಹಿಂದೆ ಏನಿತ್ತು ಅಂತ ಮೊದಲು ಕೇಳಿ. ರೈಲು ನಿಲ್ತಿತ್ತಾ, ಸಂತೆ ಕೂರ್ತಿತ್ತಾ, ಅಡಿಕೆ ಮಂಡಿ ಇತ್ತಾ? ಮಳೆಯಲ್ಲಿ ನೆಂದು ಬಂದು ಕಾಯೋ ಜನ ಇದ್ದಲ್ಲೇ ನಮ್ಮಲ್ಲಿ ಒಲೆ ಹತ್ತಿದ್ದು.

ಸಿಗಂದೂರು ಅಂದ್ರಲ್ಲ, ಅಲ್ಲೇ ನೋಡಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಹಿನ್ನೀರು ನಿಂತ ಮೇಲೆ ಆಚೆ ದಡದ ಸಿಗಂದೂರು, ತುಮರಿ ಸೀಮೆಯವರು ಸಾಗರಕ್ಕೆ ಬರೋದಕ್ಕೆ ಲಾಂಚೇ ಗತಿ. ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯ್ತಾ ನಾನು ಕುಡಿದ ಚಾಕ್ಕೆ ಲೆಕ್ಕ ಇಲ್ಲ. ಯಾರ ಮನೆ ಮುಳುಗಿತು, ಯಾರಿಗೆ ಎಲ್ಲಿ ಜಮೀನು ಕೊಟ್ಟರು, ಎಲ್ಲ ಕೇಳಿದ್ದು ಆ ಬೆಂಚಿನ ಮೇಲೆ. 2025ರ ಜುಲೈಯಲ್ಲಿ 2.44 ಕಿ.ಮೀ. ಸೇತುವೆ ತೆರೆದರು. ಅದು ಬೇಕೇ ಬೇಕಿತ್ತು. ಸಂಜೆ ಲಾಂಚ್ ನಿಂತ ಮೇಲೆ ದಡದಲ್ಲಿ ಕೂತ ಬಸುರಿಯನ್ನು ನೋಡಿದವನು ನಾನು. ಆದರೆ ಈಗ ಕಾರುಗಳು ಸೀದಾ ಮೇಲೆ ಹೋಗ್ತವೆ, ಕೆಳಗಿನ ಅಂಗಡಿಗೆ ಕಾಯೋರೇ ಇಲ್ಲ. ನೀವು ದಯವಿಟ್ಟು ಇಳಿದು ಹೋಗಿ. ಬಾಗಿಲು ತೆಗೆದಿದ್ದರೆ ಕೂತು ಚಾ ಕುಡಿದು ಮಾತಾಡಿಸಿ.

ಕೆಳದಿ ಕಡೆಯವಳು:
ಕಡುಬು ಎಂಥದ್ದು ಅಂತ ಅಪ್ಪನನ್ನು ಕೇಳಿ. ಅಕ್ಕಿತರಿಯ ಉಂಡೆ ಕಡುಬಾದರೆ ನಮ್ಮ ಕಡೆಯ ಮನೆ ಅಡುಗೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಉದ್ದು, ಅಕ್ಕಿ ಹಿಟ್ಟು ಹೊಯ್ದು ಬೇಯಿಸಿದ್ದಾದರೆ ಭಟ್ಟರು ಬಹುಶಃ ಘಟ್ಟದ ಕೆಳಗಿನವರು. ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲ್ ಇಟ್ಟವರು ಬೇಕಾದಷ್ಟು ಜನ.

ಮೈಸೂರಿನ ಮಗಳು:
ಈಗಷ್ಟೇ ಕೇಳಿದೆ. ಎಲೆಗೆ ಕಡ್ಡಿ ಚುಚ್ಚಿತ್ತಂತೆ, ಬಿಚ್ಚುವಾಗ ಬೆರಳು ಸುಟ್ಟಿತ್ತಂತೆ! ಗಲ್ಲಾದಲ್ಲಿದ್ದವರು ಒಳಗಿನವರ ಹತ್ತಿರ ತುಳು ಮಾತಾಡ್ತಿದ್ದರು ಅಂತಲೂ ಈಗ ನೆನಪಾಯ್ತು. ಇಷ್ಟು ವರ್ಷದಲ್ಲಿ ಇದನ್ನು ಹೇಳೇ ಇರಲಿಲ್ಲ.

ರೈಟ್ ರೈಟ್:
ಹಾಗಾದರೆ ಸಾಗರಕ್ಕೆ ಬೆಳಿಗ್ಗೆ ಎಂಟರೊಳಗೆ ಬನ್ನಿ, ಆಮೇಲೆ ಕಡುಬು ಖಾಲಿ. ಸ್ಟೇಷನ್ ಕಡೆಯಿಂದ ನಡೆಯೋಕೆ ಶುರು ಮಾಡಿ, ಅಪ್ಪ ಮುಂದೆ ಇರಲಿ. ಗಲ್ಲಾದ ಹುಡುಗನನ್ನು ಬಿಟ್ಟು ಒಳಗೆ ಒಲೆ ಹತ್ತಿರ ಇರೋ ಹಳಬರನ್ನು ಮಾತಾಡಿಸಿ. ಎಂಟೂವರೆ ಮೇಲೆ ಅವರಿಗೆ ಸ್ವಲ್ಪ ಪುರುಸೊತ್ತು.