ಗಾಳಿ ‘ಬಿಟ್ಟರೆ’ ಬ್ರೇಕ್ ಹಿಡಿಯುತ್ತದೆಯೋ, ಬಿಡುತ್ತದೆಯೋ?

ಮಂಡ್ಯದಲ್ಲಿ ಲಾರಿ ಚಾಲನೆ ಕಲಿಯುವವರಿಗಾಗಿ ಏರ್ ಬ್ರೇಕಿನ (ಒತ್ತಿದ ಗಾಳಿಯಿಂದ ಕೆಲಸ ಮಾಡುವ ಬ್ರೇಕಿನ) ಕುರಿತು ಪುಟ್ಟ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಒಂದು ಕ್ರಿಯಾಪದ ಕಾಡುತ್ತಿದೆ, ಬಲ್ಲವರು ದಾರಿ ತೋರಿಸಬೇಕು.

ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ‘ಗಾಳಿತಡೆ’ ಎಂದು ಬರೆದರೆ ಇಲ್ಲಿನ ರೈತರಿಗೆ ಬಾಳೆತೋಟದ ಅಂಚಿಗೆ ನೆಟ್ಟ ಸರ್ವೆಮರಗಳ ಸಾಲು ನೆನಪಾಗುತ್ತದೆ. ಗ್ಯಾರೇಜಿನವರು ಹೇಳುವ ‘ಏರ್ ಬ್ರೇಕ್’ ಹಾಗೆಯೇ ಇರಲಿ. ತೊಡಕಿರುವುದು ‘ಗಾಳಿ ಬಿಡು’ ಎಂಬಲ್ಲಿ.

ಎಂಜಿನ್ನಿನಿಂದ ಓಡುವ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುತ್ತದೆ. ಪೆಡಲ್ ತುಳಿದಾಗ ಆ ಗಾಳಿ ಚಕ್ರದ ಬಳಿಯ ಚೇಂಬರಿಗೆ ನುಗ್ಗಿ ಡಯಾಫ್ರಂ ಎಂಬ ರಬ್ಬರ್ ಪೊರೆಯನ್ನು ತಳ್ಳುತ್ತದೆ. ಅದರಿಂದ ಕ್ಯಾಮ್ ಎಂಬ ಉಬ್ಬುಳ್ಳ ತುಂಡು ತಿರುಗಿ, ಲೈನರ್ (ಬ್ರೇಕಿನ ಉಜ್ಜುಪಟ್ಟಿ) ಚಕ್ರದೊಡನೆ ತಿರುಗುವ ಡ್ರಮ್ಮಿಗೆ ಒತ್ತಿಕೊಳ್ಳುತ್ತದೆ. ಕಾಲು ತೆಗೆದರೆ ಚೇಂಬರಿನ ಗಾಳಿ ಬುಸ್ಸೆಂದು ಹೊರಬಿದ್ದು ಬ್ರೇಕ್ ಸಡಿಲವಾಗುತ್ತದೆ. ಇಲ್ಲಿ ಗಾಳಿ ಬಿಟ್ಟರೆ ಬ್ರೇಕೂ ಬಿಡುತ್ತದೆ.

ಹ್ಯಾಂಡ್ ಬ್ರೇಕಿನಲ್ಲಿ ಎಲ್ಲವೂ ತಿರುವುಮುರುವು. ಹಿಂದಿನ ಚಕ್ರಗಳ ಚೇಂಬರಿನಲ್ಲಿ ಬಲವಾದ ಸ್ಪ್ರಿಂಗ್ ಇರುತ್ತದೆ. ಅದನ್ನು ಅದುಮಿ ಹಿಡಿದಿರುವುದೇ ಗಾಳಿ. ಚಾಲಕ ವಾಲ್ವ್ ತಿರುಗಿಸಿ ಗಾಳಿ ಹೊರಬಿಟ್ಟರೆ ಸ್ಪ್ರಿಂಗ್ ಚಾಚಿಕೊಂಡು ಬ್ರೇಕ್ ಹಿಡಿಯುತ್ತದೆ. ಸೋರಿಕೆಯಿಂದ ಒತ್ತಡ ತೀರಾ ಇಳಿದರೂ ಅಷ್ಟೇ. ಸಕ್ಕರೆ ಕಾರ್ಖಾನೆಯ ಮುಂದೆ ರಾತ್ರಿಯೆಲ್ಲ ನಿಂತ ಕಬ್ಬಿನ ಲಾರಿ, ಟ್ಯಾಂಕಿನ ಗಾಳಿ ಸೋರಿಹೋಗಿದ್ದರೆ ಎಂಜಿನ್ ಚಾಲೂ ಆದ ಕೂಡಲೇ ಕದಲುವುದಿಲ್ಲ. ಗೇಜಿನ ಮುಳ್ಳು ಏರುವವರೆಗೆ ಚಾಲಕ ಕಾಯಲೇಬೇಕು.

ಇನ್ನೊಂದು ಗೋಜಲೂ ಇದೆ. ‘ನಾಲೆಗೆ ನೀರು ಬಿಟ್ಟರು’ ಎನ್ನುವ ಊರಿನಲ್ಲಿ ‘ಚೇಂಬರಿಗೆ ಗಾಳಿ ಬಿಡು’ ಎಂದರೆ ಒಳಗೆ ಹರಿಸು ಎಂದೇ ಅರ್ಥ. ‘ಚೇಂಬರಿನ ಗಾಳಿ ಬಿಡು’ ಎಂದರೆ ಹೊರಗೆ ಹಾಕು. ಒಂದು ವಿಭಕ್ತಿಯ ಮೇಲೆ ಹತ್ತಾರು ಟನ್ ಭಾರ ನಿಲ್ಲಿಸಲು ನನಗೆ ಧೈರ್ಯ ಸಾಲದು.

ಹಾಗಾಗಿ ‘ಹಿಡಿ’, ‘ಬಿಡು’ ಎರಡನ್ನೂ ಬ್ರೇಕಿಗೇ ಮೀಸಲಿಟ್ಟು, ಗಾಳಿಗೆ ‘ತುಂಬು’, ‘ಖಾಲಿ ಮಾಡು’ ಎಂದು ಬರೆಯೋಣವೆಂದಿದ್ದೇನೆ. ‘ಗಾಳಿ ಹಿಡಿದಿದೆ’ ಎಂದರಂತೂ ಲಾರಿಯನ್ನು ಮಂತ್ರವಾದಿಯ ಬಳಿ ಕರೆದೊಯ್ಯಬೇಕಾದೀತು! ಆದರೆ ‘ಖಾಲಿ ಮಾಡು’ ಎಂದರೆ ಟ್ಯಾಂಕನ್ನೇ ಬರಿದು ಮಾಡುವುದೆಂದು ಕಲಿಯುವವರು ತಿಳಿದಾರೇ? ಹುಬ್ಬಳ್ಳಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ ತಿಳಿಸಿ.